ಜೂನ್‌ನ ಫೀಸಿಗೆ ಮಾರ್ಚ್‌ನ ಹಣ

ಕಳೆದ ಜೂನ್‌ನಲ್ಲಿ ಕಾಪು ಕಡೆಯ ಹುಡುಗಿಯೊಬ್ಬಳು ಅಮ್ಮನ ಜೊತೆ ಬಿಎಸ್ಸಿಗೆ ಸೇರಲು ಬಂದಿದ್ದಳು. ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದಿದ್ದಳು. ಅಮ್ಮ ಬೀಡಿ ಕಟ್ಟುತ್ತಾರೆ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ. ಫೀಸಿನ ಚೀಟಿ ಕೈಗೆ ಬಂದ ಮೇಲೆ ಆ ಅಮ್ಮ ಕೇಳಿದ್ದು ಒಂದೇ ಮಾತು: "ಸರ್, ಸ್ಕಾಲರ್‌ಶಿಪ್ ಬರ್ತದಲ್ಲ, ಅದು ಬಂದ ಮೇಲೆ ಕಟ್ಟಿದರೆ ಆಗ್ತದಾ?"

ಆಗುವುದಿಲ್ಲ ಎಂದು ನಾನೇ ಹೇಳಬೇಕಾಯಿತು. ನಾನು ಪಾಠ ಮಾಡುವ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಅರ್ಜಿಗಳನ್ನು ನೋಡಿಕೊಳ್ಳುವ ಕೆಲಸವೂ ನನ್ನದೇ. ಎರಡು ದಿನ ಬಿಟ್ಟು ಅವರು ಮತ್ತೆ ಬಂದರು. ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟು ಹಣ ತಂದಿದ್ದರು. ಹುಡುಗಿಯ ಖಾತೆಗೆ ಸ್ಕಾಲರ್‌ಶಿಪ್ ಬಿದ್ದದ್ದು ಮಾರ್ಚ್‌ನಲ್ಲಿ.

ಜೂನ್ ಅಂದರೆ ಕರಾವಳಿಯಲ್ಲಿ ಎಂಥ ತಿಂಗಳು ಎಂದು ಇಲ್ಲಿಯವರಿಗೆ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ. ಬೋಟಿಗೆ ಹೋಗುವವರಿಗೆ ಆ 61 ದಿನ ಕೈ ಖಾಲಿ. ಗಾರೆ ಕೆಲಸ, ಕಲ್ಲಿನ ಕೋರೆ ಕೆಲಸವೂ ಮಳೆಗೆ ಅರ್ಧ ನಿಲ್ಲುತ್ತದೆ. ಕಾಲೇಜಿನ ಫೀಸು ಬರುವುದು ಸರಿಯಾಗಿ ಆಗಲೇ.

"ಬಡವರ ಮಕ್ಕಳಿಗೆ ಓದಲು ಸಹಾಯವೇ ಇಲ್ಲ" ಎಂದು ಕೆಲವರು ಹೇಳುತ್ತಾರೆ. "ಈಗ ಎಲ್ಲದಕ್ಕೂ ಸ್ಕಾಲರ್‌ಶಿಪ್ ಇದೆ, ಹುಡುಕಬೇಕು ಅಷ್ಟೇ" ಎಂದು ಇನ್ನು ಕೆಲವರು. ಹಲವು ವರ್ಷ ಈ ಅರ್ಜಿಗಳ ನಡುವೆ ಕೂತ ಮೇಲೆ ನನಗೆ ಎರಡೂ ಸರಿ ಕಾಣುವುದಿಲ್ಲ. ಹಣ ಇದೆ. ಆದರೆ ಅದು ಬರುವ ತಿಂಗಳಿಗೂ ಅದು ಬೇಕಾದ ತಿಂಗಳಿಗೂ ತಾಳಮೇಳ ಇಲ್ಲ. ನಡುವಿನ ಆ ಎಂಟು ಒಂಬತ್ತು ತಿಂಗಳ ಬಡ್ಡಿಯನ್ನು ಬಡ ಮನೆಯೇ ಕಟ್ಟುತ್ತದೆ.

ಲೆಕ್ಕ ಹಾಕಿ ನೋಡೋಣ. ಕೇಂದ್ರ ಸರ್ಕಾರದ ಒಂದು ದೊಡ್ಡ ಯೋಜನೆ ಕಾಲೇಜು ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೇ ಇದೆ. ಅದಕ್ಕೆ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಎನ್ನುತ್ತಾರೆ. ಪಿಯುಸಿಯಲ್ಲಿ ತಮ್ಮ ವಿಭಾಗದ 80ನೇ ಪರ್ಸೆಂಟೈಲ್‌ಗಿಂತ ಮೇಲೆ, ಅಂದರೆ ಮೇಲಿನ 20%ರಲ್ಲಿ ಇರಬೇಕು. ಮನೆಯ ವಾರ್ಷಿಕ ಆದಾಯ 4.5 ಲಕ್ಷ ಮೀರಬಾರದು. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸಬರಿಗೆ ಸಿಗುತ್ತದೆ, ಅರ್ಧ ಹೆಣ್ಣುಮಕ್ಕಳಿಗೆ ಮೀಸಲು. ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರಕ್ಕೆ 20,000. ಈಗ ಒಂದು ಮನೆಯವರು ಫೀಸು, ಬಸ್ ಪಾಸು, ಪುಸ್ತಕ ಎಂದು ಜೂನ್‌ನಲ್ಲಿ 40,000 ರೂಪಾಯಿ ಚಿನ್ನದ ಸಾಲ ಮಾಡಿದರು ಎಂದುಕೊಳ್ಳಿ. ಬಡ್ಡಿ 12% ಇದ್ದರೆ ಒಂಬತ್ತು ತಿಂಗಳಿಗೆ 3,600. ಕೈಗೆ ಬಂದ 12,000ದಲ್ಲಿ ಅದು ಹೋದರೆ ಉಳಿದದ್ದು 8,400. ಸರ್ಕಾರದ ಪುಸ್ತಕದಲ್ಲಿ ಮಾತ್ರ ಹನ್ನೆರಡು ಸಾವಿರವೇ ಬರೆದಿರುತ್ತದೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಅಂಕ ಒಂದು ಸಮಸ್ಯೆಯೇ ಅಲ್ಲ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ 93.90% ತೆಗೆದು ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ 93.57% ತೆಗೆದು ಎರಡನೆಯದು. ಅದರ ಹಿಂದಿನ ವರ್ಷ ಇದೇ ಜೋಡಿ, ಸ್ಥಾನ ಮಾತ್ರ ಅದಲು ಬದಲು. ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಫ್ಲೆಕ್ಸ್ ಹಾಕುತ್ತಾರೆ. ಇಷ್ಟು ಓದುವ ಊರಿನಲ್ಲಿ ಯಾವ ಮಗುವಿಗೆ ಯಾವ ಹಣ ಸಿಗುತ್ತದೆ ಎಂದು ಫಲಿತಾಂಶದ ದಿನವೇ ಕೂತು ಹೇಳುವವರು ಕಡಿಮೆ. ಒಂದು ಉದಾಹರಣೆ ಕೊಡುತ್ತೇನೆ. ಬೋರ್ಡಿನ ಮೇಲಿನ 1%ರಲ್ಲಿ ಬಂದು ಬಿಎಸ್ಸಿಯಂಥ ಮೂಲ ವಿಜ್ಞಾನಕ್ಕೆ ಸೇರಿದವರಿಗೆ ಇನ್‌ಸ್ಪೈರ್ ಎಂಬ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ನಗದು, ಉಳಿದ 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆ. ನಮ್ಮಲ್ಲಿ ಮೇಲಿನ ಸಾಲಿನ ಮಕ್ಕಳು ಜಾಸ್ತಿ. ಆದರೆ ಬಿಎಸ್ಸಿ ಅಂದರೆ ಎಂಜಿನಿಯರಿಂಗ್ ಸೀಟು ಸಿಗದವರು ಎಂದು ಮನೆಯವರೇ ತಿಳಿದಿರುತ್ತಾರೆ. ಇಷ್ಟು ದೊಡ್ಡ ಮೊತ್ತದ ಹೆಸರನ್ನೂ ಕೇಳದ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಬೀಡಿ ಕಟ್ಟುವ ಮನೆಗಳ ಕಥೆಯೂ ಹಾಗೆಯೇ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಇಲಾಖೆ ಬೇರೆಯೇ ವಿದ್ಯಾರ್ಥಿವೇತನ ಕೊಡುತ್ತದೆ. ಪದವಿಗೆ 6,000, ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಕೋರ್ಸುಗಳಿಗೆ 25,000. ಅರ್ಜಿ ಹಾಕುವುದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲೇ. ಆದರೆ ಕಟ್ಟಿದ ಬೀಡಿ ಯಾರ ಹೆಸರಿನ ಪುಸ್ತಕದಲ್ಲಿ ಬರೆದಿದೆ ಎಂಬುದು ಮುಖ್ಯ. ಎಷ್ಟೋ ಮನೆಗಳಲ್ಲಿ ಅತ್ತೆಯ ಹೆಸರಿನಲ್ಲಿ ಕಾರ್ಡು, ಕಟ್ಟುವವರು ಸೊಸೆ. ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಅದು ದೊಡ್ಡ ವಿಷಯವಲ್ಲ. ಮಗನ ಅರ್ಜಿಗೆ ದೊಡ್ಡ ವಿಷಯ.

ಕಾಪುವಿನ ಹುಡುಗಿಗೆ ನಾನು ಸೆಂಟ್ರಲ್ ಸೆಕ್ಟರ್‌ಗೇ ಹಾಕು ಅಂದೆ. ಅದನ್ನು ತೆಗೆದುಕೊಂಡರೆ ಬೇರೆ ಸ್ಕಾಲರ್‌ಶಿಪ್ ಬಿಡಬೇಕು. 6,000ಕ್ಕಿಂತ 12,000 ಮೇಲು. ಸಣ್ಣ ಲೆಕ್ಕ, ಆದರೆ ಇದನ್ನು ಯಾರಾದರೂ ಮೊದಲೇ ಹೇಳಬೇಕು. ಎರಡಕ್ಕೂ ಹಾಕಿ ಎರಡೂ ತಿರಸ್ಕಾರವಾದವರನ್ನು ಕಂಡಿದ್ದೇನೆ.

ಇನ್ನು ರಾಜ್ಯದ ಹಣ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಎಲ್ಲರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಈಗ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಒಂದೇ ಬಾಗಿಲು. ಎಸ್‌ಎಸ್‌ಪಿ ಅಂದರೆ ಎಲ್ಲ ಮಕ್ಕಳಿಗೂ ಗೊತ್ತು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ಊಟ, ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳು ಎಂದು ಶುರುವಾದ ಯೋಜನೆ ಅದು. ಈ 1,500ರಲ್ಲಿ ಮಂಗಳೂರಿನ ಯಾವ ಪಿಜಿಯಲ್ಲೂ ಮಂಚ ಸಿಗುವುದಿಲ್ಲ. ಆದರೂ ದಿನಾ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬರುವ ಹುಡುಗನಿಗೆ ಅದು ಮಧ್ಯಾಹ್ನದ ಊಟ.

ಹಣ ತಡವಾಗುವುದಕ್ಕೆ ಎಲ್ಲರೂ ಸರ್ಕಾರ ಬಿಡುಗಡೆ ಮಾಡಿಲ್ಲ ಎನ್ನುತ್ತಾರೆ. ಅದು ಒಂದು ಕಾರಣ ಹೌದು. ಆದರೆ ನಾನು ನೋಡಿದ ಹಾಗೆ ಕಾಗದದಲ್ಲೇ ಸಿಕ್ಕಿಹಾಕಿಕೊಳ್ಳುವ ಅರ್ಜಿಗಳೂ ಕಡಿಮೆಯೇನಲ್ಲ. ಹೆಸರಿನ ಗೊಂದಲವನ್ನೇ ತೆಗೆದುಕೊಳ್ಳಿ. ನಮ್ಮ ಊರಿನ ಡಿಸೋಜರ ಹೆಸರು ಇಂಗ್ಲಿಷಿನಲ್ಲಿ ಒಂದು ಕಡೆ ಚುಕ್ಕೆ ಇಟ್ಟು, ಒಂದು ಕಡೆ ಜಾಗ ಬಿಟ್ಟು, ಇನ್ನೊಂದು ಕಡೆ ಸೇರಿಸಿ ಬರೆದಿರುತ್ತದೆ. ಶೆಟ್ಟಿ, ಪೂಜಾರಿ, ಆಚಾರ್ಯ ಎಂಬುದು ಶಾಲೆಯಲ್ಲಿ ಇರುತ್ತದೆ, ಆಧಾರ್‌ನಲ್ಲಿ ಇರುವುದಿಲ್ಲ. ಮನುಷ್ಯರಿಗೆ ಇಬ್ಬರೂ ಒಂದೇ ಹುಡುಗಿ. ಕಂಪ್ಯೂಟರಿಗೆ ಇಬ್ಬರು.

ಆಮೇಲೆ ಬ್ಯಾಂಕ್ ಖಾತೆ. ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗೆ ಎಂದು ಮಕ್ಕಳು ನಂಬಿರುತ್ತಾರೆ. ಹಾಗಲ್ಲ. ಆಧಾರ್‌ಗೆ ಕೊನೆಯದಾಗಿ ಯಾವ ಖಾತೆ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಇದಕ್ಕೆ ಎನ್‌ಪಿಸಿಐ ಮ್ಯಾಪಿಂಗ್ ಅಥವಾ ಸೀಡಿಂಗ್ ಎನ್ನುತ್ತಾರೆ. ಎನ್‌ಪಿಸಿಐ ಅಂದರೆ ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ. ಸಿಮ್ ತೆಗೆದುಕೊಳ್ಳುವಾಗ ಹೆಬ್ಬೆರಳು ಒತ್ತಿ ತೆರೆದ ಖಾತೆಯಲ್ಲಿ ವರ್ಷಗಟ್ಟಲೆ ಸ್ಕಾಲರ್‌ಶಿಪ್ ಬಿದ್ದಿದ್ದೂ ಉಂಟು, ಹುಡುಗನಿಗೆ ಗೊತ್ತೇ ಇಲ್ಲ. ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಆಗಿದೆಯಾ" ಎಂದು ಕೇಳಿದರೆ ಆಗಿದೆ ಎನ್ನುತ್ತಾರೆ. ಕೇಳಬೇಕಾದದ್ದು "ಸರ್ಕಾರದ ಹಣ ಬರುವ ಹಾಗೆ ಎನ್‌ಪಿಸಿಐ ಸೀಡಿಂಗ್ ಇದೇ ಖಾತೆಗೆ ಆಗಿದೆಯಾ" ಎಂದು. ಎರಡೂ ಬೇರೆ ಬೇರೆ.

ಇದನ್ನು ಬರೆಯುವಾಗ ಒಂದು ಸಂಕಟ ಆಗುತ್ತದೆ. ಬ್ಯಾಂಕಿಂಗನ್ನು ದೇಶಕ್ಕೆ ಕಲಿಸಿದ ಊರು ನಮ್ಮದು. ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಹುಟ್ಟಿದ್ದು ಒಂದೇ ವರ್ಷ, 1906ರಲ್ಲಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. ಎರಡಾಣೆ ತೆಗೆದುಕೊಳ್ಳಲು ಮನೆಗೆ ಬಂದ ಊರಿನಲ್ಲಿ, ಮಗುವಿನ ಹನ್ನೆರಡು ಸಾವಿರ ಎಲ್ಲಿ ಹೋಯಿತು ಎಂದು ಹುಡುಕಲು ತಾಯಿ ಕೂಲಿ ಬಿಟ್ಟು ಮೂರು ದಿನ ಅಲೆಯುತ್ತಾಳೆ.

ತಡವಾದ ಹಣದಿಂದ ಇನ್ನೊಂದು ಹಾನಿ ಇದೆ. ಇದರ ಬಗ್ಗೆ ಯಾರೂ ಮಾತಾಡುವುದನ್ನು ನಾನು ಕೇಳಿಲ್ಲ. ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಎರಡನೇ ವರ್ಷಕ್ಕೆ ಮುಂದುವರಿಯಬೇಕಾದರೆ 50% ಅಂಕ ಮತ್ತು 75% ಹಾಜರಿ ಬೇಕು. ನ್ಯಾಯವಾದ ನಿಯಮವೇ. ಆದರೆ ಹಣ ಬಾರದ ತಿಂಗಳುಗಳಲ್ಲಿ ನಮ್ಮ ಹುಡುಗರು ಏನು ಮಾಡುತ್ತಾರೆ? ಕ್ಯಾಟರಿಂಗಿಗೆ ಬಡಿಸಲು ಹೋಗುತ್ತಾರೆ. ನವೆಂಬರ್‌ನಿಂದ ಮದುವೆ ಶುರು. ಹಾಲ್‌ನಲ್ಲಿ ಊಟ ಮಧ್ಯಾಹ್ನ, ಮುಹೂರ್ತ ಇರುವುದು ವಾರದ ದಿನಗಳಲ್ಲೂ. ಕ್ಲಾಸ್ ತಪ್ಪುತ್ತದೆ. ಸೆಮಿಸ್ಟರ್ ಕೊನೆಗೆ ಹಾಜರಿ 71% ಎಂದು ಬರುತ್ತದೆ. ಆಗ ನವೀಕರಣದ ಅರ್ಜಿಗೆ ನಾನು ಹೇಗೆ ಸಹಿ ಹಾಕಲಿ? ಸ್ಕಾಲರ್‌ಶಿಪ್ ತಡವಾಯಿತು ಎಂದು ಕೆಲಸಕ್ಕೆ ಹೋದ, ಕೆಲಸಕ್ಕೆ ಹೋದ ಎಂದು ಸ್ಕಾಲರ್‌ಶಿಪ್ ಹೋಯಿತು. ಕಳೆದ ನಾಲ್ಕೈದು ವರ್ಷಗಳಲ್ಲಿ ನನ್ನ ಕಣ್ಣೆದುರೇ ಹೀಗೆ ಕಳೆದುಕೊಂಡವರಿದ್ದಾರೆ. ಅವರಲ್ಲಿ ಸೋಮಾರಿ ಒಬ್ಬನೂ ಇರಲಿಲ್ಲ.

ದುಡಿದು ಓದುವುದು ನಮಗೆ ಹೊಸತಲ್ಲ. ಮುಂಬೈಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಆ ಶಾಲೆಗಳು ದುಡಿಯುವವರ ಸಮಯ ನೋಡಿ ಕ್ಲಾಸ್ ಇಟ್ಟಿದ್ದವು.

ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಹೋಗುವವರಿಗೆ ದಾರಿ ಸ್ವಲ್ಪ ಅಗಲ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ. ಎಂಜಿನಿಯರಿಂಗ್‌ನಲ್ಲಿ ಮಂಜೂರಾದ ಸೀಟಿನ ಮೇಲೆ 5%. ಆದಾಯ 8 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕ ಮಾಫಿ. ಜೂನ್‌ನಲ್ಲಿ ಕಟ್ಟಿ ಮಾರ್ಚ್‌ನಲ್ಲಿ ಪಡೆಯುವ ಗೋಜಿಲ್ಲ, ಕಟ್ಟುವುದೇ ಬೇಡ. ನನ್ನ ಪ್ರಕಾರ ಸಹಾಯ ಇರಬೇಕಾದ್ದು ಹೀಗೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವೂ ಇದೆ, ಸೇವಾ ಶುಲ್ಕ 2% ಮಾತ್ರ. ಬ್ಯಾರಿ, ಕ್ರೈಸ್ತ ಮನೆಗಳ ಮಕ್ಕಳಿಗೆ ಇದು ಈಗ ಮೊದಲಿಗಿಂತ ಮುಖ್ಯ. ಏಕೆಂದರೆ ವಿದೇಶದಲ್ಲಿ ಓದುವವರ ಸಾಲದ ಬಡ್ಡಿ ಕೊಡುತ್ತಿದ್ದ ಕೇಂದ್ರದ ಪಢೋ ಪರದೇಶ್, ಸಂಶೋಧನೆಗೆ ಕೊಡುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಎರಡೂ 2022ರಲ್ಲಿ ನಿಂತುಹೋದವು.

ಬ್ಯಾಂಕ್ ಸಾಲದ ಬಗ್ಗೆ ಒಂದು ಮಾತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಸ್ತಿ ಅಡಮಾನ ಬೇಡ, ಜಾಮೀನುದಾರರೂ ಬೇಡ. ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ 3% ಬಡ್ಡಿ ರಿಯಾಯಿತಿ. ಕೇಳಲು ಚೆನ್ನಾಗಿದೆ. ಆದರೆ ಇದು ಕೇಂದ್ರದ ಎನ್‌ಐಆರ್‌ಎಫ್ ರ್ಯಾಂಕಿಂಗ್ ಪಟ್ಟಿಯಲ್ಲಿ ಮೇಲಿರುವ ಸಂಸ್ಥೆಗಳಿಗೆ, ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಮಾತ್ರ. ಶುರುವಿನಲ್ಲಿ ಹೇಳಿದ್ದು ದೇಶದಲ್ಲಿ 860. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ವಿಶ್ವವಿದ್ಯಾಲಯದಂಥವು ಸೇರುತ್ತವೆ. ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜು ಸೇರುವುದಿಲ್ಲ. ಅಲ್ಲಿ ಓದುವವರು ಹಳೆಯ ಮಾದರಿ ಸಾಲಕ್ಕೇ ಹೋಗಬೇಕು. ಅದರಲ್ಲೂ 7.5 ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿ ಇದೆ, ಅಡಮಾನ ಕೇಳಬೇಕಾಗಿಲ್ಲ. ಆದರೂ "ಜಾಗದ ಆರ್‌ಟಿಸಿ ತನ್ನಿ" ಎಂದು ಕೇಳಿಸಿಕೊಂಡು ಬಂದ ತಂದೆಯರು ನನ್ನ ಮುಂದೆ ಕೂತಿದ್ದಾರೆ. ಹಾಗೆ ಕೇಳಿದರೆ ನಿರಾಕರಣೆಯನ್ನು ಬರವಣಿಗೆಯಲ್ಲಿ ಕೊಡಿ ಎಂದು ಹೇಳಿ. ಇನ್ನೊಂದು ವಿಷಯ: ಕಂತು ಕೋರ್ಸ್ ಮುಗಿದು ಒಂದು ವರ್ಷ ಆದ ಮೇಲೆ ಶುರುವಾಗುತ್ತದೆ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ.

ಎಲ್ಲಕ್ಕಿಂತ ಇಕ್ಕಟ್ಟಾದ ಹಂತ ಸ್ನಾತಕೋತ್ತರ. ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಯ ಮಂಗಳಗಂಗೋತ್ರಿಗೆ ಎಂಎ, ಎಂಎಸ್ಸಿಗೆ ಸೇರುವವರನ್ನು ನೋಡಿ. ವಯಸ್ಸು 21 ದಾಟಿದೆ, ಜೊತೆಯವರು ಕೆಲಸಕ್ಕೆ ಸೇರಿದ್ದಾರೆ, ಮನೆಯಲ್ಲಿ "ಇನ್ನೂ ಎಷ್ಟು ಓದುತ್ತಿ" ಎಂಬ ಮಾತು ಶುರುವಾಗಿದೆ. ಇವರಿಗೆ ಯುಜಿಸಿಯ ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನ ಇದೆ. ತಿಂಗಳಿಗೆ 15,000ರಂತೆ ವರ್ಷಕ್ಕೆ ಹತ್ತು ತಿಂಗಳು. ಒಳ್ಳೆಯ ಮೊತ್ತ. ಆದರೆ ಇಡೀ ದೇಶಕ್ಕೆ 10,000 ಮಂದಿಗೆ. ಪದವಿಯ ಅಂಕದ ಮೇಲೆ ಆಯ್ಕೆ. ಎಂಟೆಕ್ ಆದರೆ ಗೇಟ್ ಪರೀಕ್ಷೆ ಬರೆದು ಸೇರಿದವರಿಗೆ ತಿಂಗಳಿಗೆ 12,400 ಸಿಗುತ್ತದೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಓದುವ ಹುಡುಗಿಗೆ ಅಂಥ ಬಾಗಿಲು ಇಲ್ಲ. ಪದವಿಯಲ್ಲಿ ಚಿನ್ನದ ಪದಕದ ಹತ್ತಿರ ಬಂದವರು ಟ್ಯೂಷನ್ ಸೆಂಟರ್ ಸೇರುವುದು ಇಲ್ಲಿಂದಲೇ.

ಸಂಶೋಧನೆಗೆ ಬಂದರೆ ಮೊತ್ತ ಒಮ್ಮೆಲೇ ಜಿಗಿಯುತ್ತದೆ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. 2023ರ ಜನವರಿಯಿಂದ ಈ ದರ. ಜೆಆರ್‌ಎಫ್ ಬಾರದಿದ್ದರೆ? ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇದ್ದವರಿಗೆ ನಾನ್ ನೆಟ್ ಎಂದು ತಿಂಗಳಿಗೆ 8,000 ಆದರೂ ಸಿಗುತ್ತದೆ. ಕಾಸರಗೋಡಿನ ಪೆರಿಯದಲ್ಲಿ ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿ ಪಿಎಚ್‌ಡಿ ಮಾಡುವ ಹುಡುಗನಿಗೆ ಅದು ಉಂಟು. ಗಡಿಯ ಈಚೆ ಕೊಣಾಜೆಯಲ್ಲಿ ಮಾಡುವವನಿಗೆ ಇಲ್ಲ, ಏಕೆಂದರೆ ಇದು ರಾಜ್ಯದ ವಿಶ್ವವಿದ್ಯಾಲಯ. ಇಬ್ಬರದೂ ಅದೇ ಕರಾವಳಿ, ಇರಬಹುದು ಅದೇ ವಿಷಯ. ಇದಕ್ಕೆ ಸಮಾಧಾನವಾಗುವ ಉತ್ತರ ನನಗೆ ಸಿಕ್ಕಿಲ್ಲ. ಇಲ್ಲಿನವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ಆರು ಏಳು ವರ್ಷ ಎಳೆಯುತ್ತಾರೆ.

ಖಾಸಗಿ ಸಹಾಯ ನಮ್ಮಲ್ಲಿ ಬೇರೆ ಜಿಲ್ಲೆಗಳಿಗಿಂತ ಹೆಚ್ಚು, ಅದು ಹೆಮ್ಮೆಯ ವಿಷಯ. ಯಕ್ಷಗಾನಕ್ಕಾಗಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ವಿದ್ಯಾಪೋಷಕ್ ಮೂಲಕ ಬಡ ವಿದ್ಯಾರ್ಥಿಗಳ ಬೆನ್ನಿಗೆ ನಿಂತಿದೆ. ಕಾರ್ಯಕರ್ತರು ಮನೆಗೇ ಹೋಗಿ ಪರಿಸ್ಥಿತಿ ನೋಡುತ್ತಾರೆ. ಮನೆ ಸರಿ ಇಲ್ಲದ ಮಕ್ಕಳಿಗೆ ಮನೆ ಕಟ್ಟಿಸಿಕೊಟ್ಟದ್ದೂ ಇದೆ. ಯಾವ ಆದಾಯ ಪ್ರಮಾಣಪತ್ರವೂ ಹೇಳದ ಸತ್ಯವನ್ನು ಸೋರುವ ಮಾಡು ಹೇಳುತ್ತದೆ. ಶಕ್ತಿನಗರದ ವಿಶ್ವ ಕೊಂಕಣಿ ಕೇಂದ್ರ ಕೊಂಕಣಿ ಮಕ್ಕಳಿಗೆ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಸುಜ್ಞಾನನಿಧಿಯಿಂದ ಸಂಘದ ಸದಸ್ಯರ ಮಕ್ಕಳಿಗೆ ಕೊಡುತ್ತವೆ. ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಹತ್ತು ಮತ್ತು ಹನ್ನೆರಡು ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡತೊಡಗಿದೆ, ಇದನ್ನು ಪ್ರತಿ ಸರ್ಕಾರಿ ಪಿಯು ಕಾಲೇಜಿನ ಗೋಡೆಗೆ ಬರೆಯಬೇಕು.

ಜಾತಿ ಸಂಘಗಳೂ ವರ್ಷಕ್ಕೊಮ್ಮೆ ವೇದಿಕೆ ಕಟ್ಟಿ ಕೊಡುತ್ತವೆ. ಒಳ್ಳೆಯದೇ. ಆದರೆ ಮುಂಬೈ, ಗಲ್ಫ್‌ನಲ್ಲಿ ಉದ್ಯಮಿಗಳಿರುವ ಸಮುದಾಯಕ್ಕೆ ನಿಧಿ ದೊಡ್ಡದು. ಕರಾವಳಿಯ ಬುಡಕಟ್ಟು ಸಮುದಾಯವಾದ ಕೊರಗರಿಗೆ ಮುಂಬೈಯಲ್ಲಿ ಹೋಟೆಲ್ ಇಲ್ಲ, ಸಭಾಭವನವೂ ಇಲ್ಲ. ಪದವಿವರೆಗೆ ಬರುವ ಒಬ್ಬ ಕೊರಗ ಹುಡುಗಿಗೆ ಸರ್ಕಾರದ ಹಣವೊಂದೇ ಗತಿ. ಅದು ತಡವಾದರೆ ಅವಳ ಮನೆಯಲ್ಲಿ ಅಡವಿಡಲು ಬಳೆಯೂ ಇರುವುದಿಲ್ಲ. ಹಾಗಾಗಿ ದಾನಿಗಳು ಇದ್ದಾರಲ್ಲ ಎಂದು ಸುಮ್ನೆ ಕೂರಲು ಆಗುವುದಿಲ್ಲ.

ಇದಕ್ಕೆ ಹೊಸ ಯೋಜನೆ ಬೇಕಾಗಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ಯೋಜನೆಗೆ ಕೇಂದ್ರ 2021ರಲ್ಲಿ ಹೊಸ ಮಾರ್ಗಸೂಚಿ ತಂದಾಗ ಫ್ರೀಶಿಪ್ ಕಾರ್ಡ್ ಎಂಬುದನ್ನು ಸೇರಿಸಿತು. ಕಾರ್ಡ್ ತೋರಿಸಿದರೆ ಶುಲ್ಕ ಮೊದಲೇ ಕಟ್ಟದೆ ಪ್ರವೇಶ. ಹಣ ಬಂದ ಮೇಲೆ ಕಾಲೇಜಿಗೆ ಕಟ್ಟುವುದು. ಕಾಪುವಿನ ಆ ಅಮ್ಮ ಕೇಳಿದ್ದು ಇದನ್ನೇ ಅಲ್ವಾ? ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಸೆಂಟ್ರಲ್ ಸೆಕ್ಟರ್ ಪಟ್ಟಿಯಲ್ಲಿರುವ ಎಲ್ಲರಿಗೂ ರಾಜ್ಯ ಇದನ್ನು ಕೊಡಬಹುದು. ಅಲ್ಲಿಯವರೆಗೆ ಕಾಲೇಜುಗಳೇ ಮಾಡಬಹುದಾದ ಕೆಲಸ ಇದೆ. ಹಿಂದಿನ ವರ್ಷ ಸ್ಕಾಲರ್‌ಶಿಪ್ ಬಂದ ವಿದ್ಯಾರ್ಥಿಗೆ ಈ ವರ್ಷವೂ ಬರುತ್ತದೆ ಎಂದು ಕಚೇರಿಗೆ ಗೊತ್ತು. ಅಷ್ಟು ಮೊತ್ತವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಜೂನ್‌ನಲ್ಲಿ ಕೇಳಿದರೆ ಸಾಕು. ನಮ್ಮ ಆಡಳಿತ ಮಂಡಳಿಗೆ ಈ ವಿಷಯ ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ.

ಈ ವರ್ಷ ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸುವವರು ಫಲಿತಾಂಶ ಬಂದ ವಾರವೇ ನಾಡಕಚೇರಿಗೆ ಹೋಗಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ನೋಡಿಕೊಳ್ಳಿ. ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತದೆ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಬುಕ್ ಮೂರರಲ್ಲೂ ಹೆಸರಿನ ಅಕ್ಷರ ಅಕ್ಷರ ಹೋಲಿಸಿ. ಅರ್ಜಿ ಹಾಕಿದ ಮೇಲೆ ಕಾಲೇಜು ಅದನ್ನು ಆನ್‌ಲೈನ್‌ನಲ್ಲಿ ದೃಢೀಕರಿಸಬೇಕು, ಇಲ್ಲದಿದ್ದರೆ ಕೊನೆಯ ದಿನಾಂಕಕ್ಕೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ನಾನು ಪದವಿ ಓದುವಾಗ ನನ್ನ ಅರ್ಜಿ ಹೀಗೆಯೇ ಕಚೇರಿಯ ಕಪಾಟಿನಲ್ಲಿ ಉಳಿದುಹೋಗಿತ್ತು. ಆಗ ಹೋಗಿ ಕೇಳಲು ನನಗೆ ಸಂಕೋಚ. ನಿಮ್ಮ ಮಕ್ಕಳಿಗೆ ಕೇಳಲು ಹೇಳಿ. ನನ್ನಂಥವರು ಆ ಮೇಜಿನ ಹಿಂದೆ ಕೂತಿರುವುದು ಅದಕ್ಕೇ.